ಐರಿನ್ ಮಿಸ್ ನುಡಿಸದ ಪುಟಗಳು

೧೯೮೧ರ ಮಾತು. ಮದುವೆಯಾದ ಹೊಸದು. ನಮ್ಮವರಿಗೆ ದೊಡ್ಡನೆಕ್ಕುಂದಿ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ನಾವು ವೈಟ್‌ಫೀಲ್ಡ್‌ನಲ್ಲಿ ಒಂದು ಹಳೆಯ ಹೆಂಚಿನ ಬಂಗಲೆಯ ಹಿಂದಿದ್ದ ಔಟ್‌ಹೌಸ್‌ನಲ್ಲಿ ಬಾಡಿಗೆಗಿದ್ದೆವು. ಬಂಗಲೆಯಲ್ಲಿದ್ದವರು ಐರಿನ್ ಮಿಸ್ ಒಬ್ಬರೇ. ಆಂಗ್ಲೋ ಇಂಡಿಯನ್ ಹೆಂಗಸು, ಅರವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅಲ್ಲೇ ಹುಟ್ಟಿ ಬೆಳೆದವರಾದ್ದರಿಂದ ಕನ್ನಡ ಸಲೀಸಾಗಿ ಬರುತ್ತಿತ್ತು.

ಅವರ ಮುಂದಿನ ಕೋಣೆಯ ತುಂಬ ಒಂದು ದೊಡ್ಡ ಕಪ್ಪು ಪಿಯಾನೋ. ನಾನು ಅದುವರೆಗೆ ಪಿಯಾನೋ ನೋಡಿದ್ದು ಸಿನಿಮಾದಲ್ಲಿ ಮಾತ್ರ. ಮಧ್ಯಾಹ್ನ ಪಾತ್ರೆ ತೊಳೆದು ಕೂತರೆ ಅವರು ನುಡಿಸುವುದು ಕೇಳಿಸುತ್ತಿತ್ತು. ಒಂದಿಷ್ಟು ನುಡಿಸುವರು, ನಿಲ್ಲಿಸುವರು, ಮತ್ತೆ ಅದನ್ನೇ ಮೊದಲಿಂದ ನುಡಿಸುವರು. ಪೂರ್ತಿ ಮುಗಿಸಿದ್ದನ್ನು ನಾನು ಕೇಳಿರಲಿಲ್ಲ.

ಒಂದು ದಿನ ಪಾಯಸ ಕೊಡಲು ಹೋದಾಗ ಗೋಡೆಯ ಮೇಲೊಂದು ಫೋಟೋ ಕಂಡೆ. ಉದ್ದನೆಯ ಗೌನ್ ತೊಟ್ಟ ಹುಡುಗಿ ಪಿಯಾನೋ ಮುಂದೆ ಕೂತಿದ್ದಳು.

"ಇದು ನೀವಾ ಮಿಸ್?"

"ನಾನೇ. ಕಲ್ಕತ್ತಾದಲ್ಲಿ ತೆಗೆದದ್ದು."

ಕಲ್ಕತ್ತಾ, ಬೊಂಬಾಯಿ, ಕೊಲಂಬೋ ಎಲ್ಲ ಕಡೆ ಅವರ ಕಛೇರಿ ನಡೆದಿತ್ತಂತೆ. ಆಮೇಲೆ ಲಂಡನ್ನಿಗೆ ಹೋಗಿ ದೊಡ್ಡವರ ಹತ್ತಿರ ಕಲಿತರು. ಅಲ್ಲಿನ ಒಂದು ಹಾಲ್‌ನಲ್ಲಿ, ಹಿಂದೆ ಹತ್ತಾರು ವಾದ್ಯಗಳಿರುವ ಮೇಳದೊಡನೆ ನುಡಿಸಲು ಗೊತ್ತಾಗಿತ್ತು. ಅಷ್ಟರಲ್ಲಿ ಇಲ್ಲಿ ತಾಯಿಗೆ ಲಕ್ವಾ ಹೊಡೆಯಿತು. ಬೇಗ ಹಿಂತಿರುಗಬಹುದು ಅಂದುಕೊಂಡು ಹಡಗು ಹತ್ತಿ ಬಂದರು. ತಾಯಿ ಇಪ್ಪತ್ತು ವರ್ಷ ಹಾಸಿಗೆಯಲ್ಲೇ ಬದುಕಿದರು. ಅವರು ತೀರಿಕೊಳ್ಳುವ ಹೊತ್ತಿಗೆ ಮಗಳ ಬೆರಳಿನ ಗೆಣ್ಣುಗಳು ಬಾತು ಬಾಗಿಹೋಗಿದ್ದವು.

"ಅಮ್ಮನ ಮೇಲೆ ಕೋಪ ಇಲ್ಲ ಸರೋಜಾ," ಅಂದರು. "ಆದ್ರೆ ಆ ಹಾಲ್ ಮಾತ್ರ ಕನಸಲ್ಲಿ ಬರುತ್ತೆ. ಎಲ್ಲರೂ ಕೂತಿರ್ತಾರೆ. ನಾನು ಇನ್ನೂ ಹೋಗಿರಲ್ಲ."

ಮಾರನೆಯ ವರ್ಷ ಆಸ್ಟ್ರೇಲಿಯಾದಲ್ಲಿದ್ದ ಅವರ ತಮ್ಮ, ಒಬ್ಬಳೇ ಇರಬೇಡ ಬಂದುಬಿಡು ಎಂದು ಕರೆದ. ಬಂಗಲೆ ಮಾರಾಟವಾಯಿತು. ಪಿಯಾನೋ ಸಿಟಿಯ ಒಂದು ಶಾಲೆಗೆ ಹೋಗುವುದೆಂದಾಯಿತು. ವ್ಯಾನ್ ಬರುವುದಕ್ಕೆ ಹಿಂದಿನ ದಿನ ಮಿಸ್ ನನ್ನನ್ನು ಕರೆದರು.

"ಇವತ್ತು ಸಾಯಂಕಾಲ ಒಂದು ಕಛೇರಿ ಮಾಡ್ತೀನಿ. ನೀನು ಪಕ್ಕದಲ್ಲಿ ಕೂತು ಸಂಗೀತದ ಪುಸ್ತಕದ ಪುಟ ತಿರುಗಿಸ್ಬೇಕು."

"ನನಗೆ ಅದು ಓದೋಕೆ ಬರಲ್ಲ ಮಿಸ್."

"ಓದ್ಬೇಡ. ನನ್ನ ಮುಖ ನೋಡ್ತಿರು. ತಲೆ ಆಡಿಸಿದಾಗ ತಿರುಗಿಸು."

ಬಂದವರು ಬೆರಳೆಣಿಕೆಯ ಮಂದಿ. ಪಕ್ಕದ ಬಂಗಲೆಯ ವಯಸ್ಸಾದ ಗಂಡ ಹೆಂಡತಿ, ಹಾಲು ಹಾಕುವ ಮುನಿಯಮ್ಮ, ನಮ್ಮವರು. ಮಿಸ್ ಬೂದು ರೇಷ್ಮೆಯ ಗೌನ್ ತೊಟ್ಟು ಬಂದರು. ತಲೆ ಬಾಗಿ ನಮಗೆ ವಂದಿಸಿ ಕೂತರು. ಕಿಟಕಿಯಿಂದ ಇಳಿಬಿಸಿಲು ಬೀಳುತ್ತಿತ್ತು.

ಮೊದಲು ನಿಧಾನವಾಗಿ, ಒಬ್ಬರು ತಮ್ಮಷ್ಟಕ್ಕೆ ಮಾತಾಡಿಕೊಳ್ಳುವ ಹಾಗೆ ಇತ್ತು. ಆಮೇಲೆ ಜೋರಾಗತೊಡಗಿತು. ಅವರು ತಲೆ ಆಡಿಸಿದಾಗಲೆಲ್ಲ ನಾನು ಪುಟ ತಿರುಗಿಸುತ್ತಿದ್ದೆ. ಇದ್ದಕ್ಕಿದ್ದಂತೆ ಅವರ ಕೈಗಳು ನಿಂತವು. ಎರಡೂ ಕೈ ಮೆಲ್ಲಗೆ ಮಡಿಲಿಗೆ ಇಳಿದವು.

ನಾನು ಗಾಬರಿಯಾಗಿ ಅವರ ಮುಖ ನೋಡಿದೆ. ಕಣ್ಣು ಪುಟದ ಮೇಲೆ ಓಡುತ್ತಲೇ ಇತ್ತು. ಕಾಲು ಕೆಳಗಿನ ಪೆಡಲನ್ನು ಒತ್ತುತ್ತ ಬಿಡುತ್ತ ಇತ್ತು. ತಲೆ ಆಡಿಸಿದರು. ನಾನು ತಿರುಗಿಸಿದೆ. ಕೋಣೆಯಲ್ಲಿ ಸದ್ದೇ ಇಲ್ಲ.

"ಯಾಕ್ ನಿಂತೋಯ್ತು?" ಎಂದು ಮುನಿಯಮ್ಮ ಪಿಸುಗುಟ್ಟಿದಳು. ನಮ್ಮವರು ಸುಮ್ಮನಿರು ಎಂದು ಸನ್ನೆ ಮಾಡಿದರು. ಮಿಸ್ ಮತ್ತೆ ತಲೆ ಆಡಿಸಿದರು, ನಾನು ಮತ್ತೆ ತಿರುಗಿಸಿದೆ. ಮಿಸ್ ಮುಖದಲ್ಲಿ ಆಗ ಕಂಡದ್ದನ್ನು ಹೇಗೆ ಹೇಳಲಿ. ಫೋಟೋದ ಹುಡುಗಿ ಅಲ್ಲಿದ್ದಳು. ಅವರ ಗಲ್ಲ ಒದ್ದೆಯಾಗಿತ್ತು, ತುಟಿ ಮಾತ್ರ ನಗುತ್ತಿತ್ತು. ಹಾಗೇ ಕೆಲವು ಪುಟ ಕಳೆದ ಮೇಲೆ ಕೈಗಳು ಮತ್ತೆ ಎದ್ದು ಬಂದು, ಮೃದುವಾಗಿ ನುಡಿಸಿ ಮುಗಿಸಿದವು.

ಎಲ್ಲರೂ ಹೋದ ಮೇಲೆ ಕೇಳಿದೆ. "ಮಧ್ಯದಲ್ಲಿ ಯಾಕೆ ನಿಲ್ಲಿಸಿದ್ರಿ ಮಿಸ್?"

"ಅಲ್ಲಿ ಎರಡೂ ಕೈ ಓಡ್ಬೇಕು. ನನ್ನ ಬೆರಳು ಓಡಲ್ಲ."

"ಅಷ್ಟು ಬಿಟ್ಟು ಮುಂದಕ್ಕೆ ಹೋಗ್ಬಹುದಿತ್ತಲ್ಲ?"

"ಹೇಗೆ ಬಿಡ್ಲಿ? ನನಗೆ ಇಷ್ಟವಾದ ಭಾಗವೇ ಅದು."

ಮಾರನೆಯ ದಿನ ಪಿಯಾನೋ ಹೋಯಿತು, ಆ ವಾರದಲ್ಲೇ ಅವರೂ ಹೊರಟರು. ಮತ್ತೆ ಅವರ ಸುದ್ದಿ ತಿಳಿಯಲಿಲ್ಲ. ಆ ಕೃತಿಯ ಹೆಸರೇನೆಂದು ನಾನು ಕೇಳಿಕೊಂಡಿರಲೂ ಇಲ್ಲ. ಇವತ್ತಿಗೂ ಎಲ್ಲಾದರೂ, ಟಿ.ವಿ.ಯಲ್ಲೋ ಯಾವುದಾದರೂ ಮದುವೆ ಹಾಲ್‌ನಲ್ಲೋ, ಪಿಯಾನೋ ಕೇಳಿದರೆ ಕೈಯಲ್ಲಿರುವ ಕೆಲಸ ಬಿಟ್ಟು ನಿಲ್ಲುತ್ತೇನೆ. ನಾನು ತಿರುಗಿಸಿದ ಆ ಪುಟಗಳಲ್ಲಿ ಇದ್ದದ್ದು ಇದೇ ಇರಬಹುದೇ ಎಂದು.