ಪ್ರಸ್ಥಾನದ ಗಂಟು

ನಮ್ಮ ಮನೆಯ ಅಟ್ಟದ ಮೇಲೆ ಎರಡು ವರ್ಷದಿಂದ ಒಬ್ಬರ ಪ್ರಯಾಣ ಕೂತಿತ್ತು. ಹೋದ ಸೋಮವಾರ ಎದ್ದು ಹೊರಟಿತು.

ತಮಾಷೆಯಲ್ಲ. ಹಳದಿ ಬಟ್ಟೆಯ ಒಂದು ಗಂಟು. ಒಳಗೆ ಒಂದು ಸೀರೆ, ಅರಿಶಿನದ ಕೊಂಬು, ಒಂದು ಹಿಡಿ ಅಕ್ಕಿ. ನಾವು ಕೋಲಾರದ ಚಿನ್ನದ ಗಣಿಯ ಊರಿಗಾಂನಲ್ಲಿದ್ದಾಗ ಪಕ್ಕದ ಮನೆಯ ಮುನಿಯಮ್ಮ ತಂದಿಟ್ಟದ್ದು. ಬೇತಮಂಗಲದ ಕಡೆಯ ಹೆಂಗಸು. ಗಂಡ ವೆಂಕಟಪ್ಪನಿಗೆ ಗಣಿಯೊಳಗೆ ಕೆಲಸ. ಮಗಳು ರತ್ನಳನ್ನು ದೂರದ ಭಿಲಾಯಿಯ ಫಿಟ್ಟರ್ ಒಬ್ಬನಿಗೆ ಕೊಟ್ಟಿದ್ದರು. ಚೊಚ್ಚಲ ಬಸಿರಿ ಅಲ್ಲಿಂದ ತೌರಿಗೆ ಬರುವ ಹಾಗಿರಲಿಲ್ಲ. ತಾಯಿಯೇ ಹೋಗುವುದೆಂದಾಯಿತು. ಜೋಯಿಸರು ಬುಧವಾರ ಒಳ್ಳೆಯ ದಿನ ಎಂದರು. ಆದರೆ ಮದರಾಸಿನ ತನಕ ಬಿಟ್ಟುಬರಲು ವೆಂಕಟಪ್ಪನಿಗೆ ರಜೆ ಸಿಕ್ಕಿದ್ದು ಶನಿವಾರಕ್ಕೆ! ಏನು ಮಾಡುವುದು?

ಪ್ರಸ್ಥಾನ ಇಡುವುದು. ಒಳ್ಳೆಯ ಗಳಿಗೆಯಲ್ಲಿ ಗಂಟನ್ನು ಬೇರೆಯವರ ಮನೆಗೆ ಸಾಗಿಸಿಬಿಟ್ಟರೆ ಪ್ರಯಾಣ ಶುರುವಾದಂತೆ. ಮನುಷ್ಯರು ನಿಧಾನವಾಗಿ ಹೋಗಬಹುದು. ಗಂಟು ಮಾತ್ರ ವಾಪಸ್ ಹೋಗಕೂಡದು. (ಕೋಲಾರದ ಸಂತೆಗೆ ಹೊರಟವರು ಪ್ರಸ್ಥಾನ ಇಡುವುದಿಲ್ಲ. ಕಾಶಿಯೋ ರಾಮೇಶ್ವರವೋ, ಅಷ್ಟು ದೂರವಿದ್ದರೆ ಮಾತ್ರ ಈ ಮರ್ಯಾದೆ.)

ಶನಿವಾರ ಬಂತು. ವೆಂಕಟಪ್ಪ ಮನಸ್ಸು ಬದಲಾಯಿಸಿದ.

"ನಾನು ಮ್ಯಾಕ್ಕೆ ಬರೋವೊತ್ಗೆ ನೀನು ಮನೇಲಿರ್ಬೇಕು ಕಣೇ" ಅಂದನಂತೆ. ಅಷ್ಟೇ. ದಿನಾ ಅಷ್ಟು ಆಳಕ್ಕೆ ಇಳಿಯುವ ಮನುಷ್ಯ. ಹೆಂಡತಿ ಕಾಯುತ್ತಿರುವುದರಿಂದಲೇ ತಾನು ಮೇಲೆ ಬರುತ್ತಿದ್ದೇನೆ ಎಂದು ನಂಬಿಕೊಂಡಿದ್ದ. ಇಂಥವನ ಹತ್ತಿರ ಯಾರು ವಾದ ಮಾಡುತ್ತಾರೆ? ಮುನಿಯಮ್ಮ ಅತ್ತು ಸುಮ್ಮನಾದಳು. ಅತ್ತ ರತ್ನ ಹೆತ್ತಳು. ಮಗು ಅಂಬೆಗಾಲಿಟ್ಟಿತು, ನಡೆಯಿತು. ಅಜ್ಜಿ ಅದನ್ನು ನೋಡಿದ್ದು ಒಂದು ಫೋಟೋದಲ್ಲಿ ಮಾತ್ರ.

ಈ ನಡುವೆ ನನಗೆ ಬಂಗಾರಪೇಟೆಯ ಸ್ಕೂಲಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಗಂಟು ಕೈಗೆ ಬಂತು. ವಾಪಸ್ ಕೊಡಲು ಹೋದರೆ ಮುನಿಯಮ್ಮ ಹೌಹಾರಿಬಿಟ್ಟಳು.

"ಅಯ್ಯೋ ಬ್ಯಾಡಿ ಮೇಷ್ಟ್ರೇ! ಒಳಕ್ಕೆ ಬಂದ್ರೆ ಪಯಣ ಮುರಿದಂಗೆ. ನೀವೇ ತಕ್ಕೊಂಡೋಗಿ. ನಾನ್ ಇಂದ್ಗಡೆ ಬತ್ತೀನಿ."

ಸರಿ, ಮುನಿಯಮ್ಮನ ಪ್ರಯಾಣ ಅವಳನ್ನು ಬಿಟ್ಟು ಬಂಗಾರಪೇಟೆ ಜಂಕ್ಷನ್‌ಗೆ ಬಂದಿಳಿಯಿತು.

ಅಕ್ಕಿಗೆ ನುಸಿ ಹಿಡಿಯಿತು. ಬಿಸಿಲಿಗೆ ಹಾಕಲು ಹೊರಟ ನನ್ನ ಹೆಂಡತಿಗೆ ಹೊಸ ಚಿಂತೆ: "ಹಿತ್ತಿಲಿಗೆ ತೆಗೆದುಕೊಂಡು ಹೋದರೆ ಹಿಂದಕ್ಕೆ ಹೋದ ಹಾಗಾಗುತ್ತದೆಯೇ?" ಕೊನೆಗೆ ಮುಂಬಾಗಿಲಲ್ಲೇ ಒಣಗಿಸಿದೆವು.

ಭಾನುವಾರ ಮಧ್ಯಾಹ್ನ ಊಟ ಮಾಡಿ ಚಾಪೆಯ ಮೇಲೆ ಮಲಗಿದರೆ ಅಟ್ಟದ ಅಂಚಿನಲ್ಲಿ ಹಳದಿ ಬಟ್ಟೆ ಕಾಣುತ್ತಿತ್ತು. ಸ್ಟೇಷನ್ ಕಡೆಯಿಂದ ಮದರಾಸ್ ಮೇಲ್ ರೈಲಿನ ಕೂಗು. ಕಣ್ಣು ಅರ್ಧ ಮುಚ್ಚುತ್ತಿದ್ದ ಹಾಗೆ ನಾನೂ ಗಂಟೂ ಹೊರಡುತ್ತಿದ್ದೆವು. ಕಿಟಕಿಯಲ್ಲಿ ತಾಳೆಮರಗಳು, ಬೆಳ್ಳಗೆ ಹರಡಿಕೊಂಡ ಗೋದಾವರಿ, ಅದರ ಮೇಲೆ ಮುಗಿಯದ ಸೇತುವೆ. (ನಾನೇ ಮದರಾಸು ದಾಟಿದವನಲ್ಲ, ಹೇಳಿಬಿಡುತ್ತೇನೆ.) ಎಚ್ಚರವಾದಾಗ ಕಾಫಿಯ ವಾಸನೆ, ಬಂಗಾರಪೇಟೆಯ ಬಿಸಿಲು. ಎಷ್ಟು ಬೇಜಾರಾಗುತ್ತಿತ್ತು ಗೊತ್ತೇ?

ಅಂಥ ಒಂದು ಭಾನುವಾರ ನಿಘಂಟು ತೆಗೆದೆ. ಪ್ರಯಾಣ ಸುಲಭ. 'ಪ್ರ' ಎಂದರೆ ಮುಂದಕ್ಕೆ, 'ಯಾ' ಎಂದರೆ ಹೋಗು. ಅದೇ ಸವೆದು ಪಯಣವಾಯಿತು. ಊರಿಗಾಂನ ನಮ್ಮ ಲೈನುಮನೆಗಳ ತಮಿಳರಿಗೆ ಪಯಣಂ, ತೆಲುಗರಿಗೆ ಪಯನಂ; ಎಲ್ಲರಿಗೂ ಒಂದೇ ಟಿಕೆಟ್ಟು. ಪ್ರಸ್ಥಾನ ಹಾಗಲ್ಲ. ಅದರ ಧಾತು 'ಸ್ಥಾ', ಅಂದರೆ ನಿಲ್ಲು! ರಾಜರ ದಂಡು ಹೊರಡುವುದಕ್ಕೂ ಇದೇ ಮಾತು. ಹಿಂದೆ 'ಮಹಾ' ಸೇರಿಸಿದರೆ ರಿಟರ್ನ್ ಟಿಕೆಟ್ ಇಲ್ಲದ ಪ್ರಯಾಣ. ಅಷ್ಟು ದೂರ ಹೋಗುವ ಪದದ ಹೊಟ್ಟೆಯಲ್ಲಿ ನಿಲ್ಲುವುದು ಯಾಕೆ ಬಂತು? ಮನೆಯೊಳಗಿನಿಂದ ಎದ್ದು ಒಂದು ಹೆಜ್ಜೆ ಮುಂದೆ ಬಂದು ನಿಲ್ಲುವುದೇ ಎಲ್ಲಕ್ಕಿಂತ ಕಷ್ಟ ಎಂದು ಹಳಬರಿಗೆ ತಿಳಿದಿತ್ತೇನೋ.

ಹೋದ ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಮುನಿಯಮ್ಮ. ರತ್ನ ಮತ್ತೆ ತುಂಬು ಬಸಿರಿಯಂತೆ. 'ಈ ಸಲವಾದರೂ ಬಾರಮ್ಮ' ಎಂದು ಕಾಗದ ಬಂದಿತ್ತಂತೆ. ರಜೆಗೆ ಬಂದಿದ್ದ ಭಿಲಾಯಿಯ ಸಂಸಾರವೊಂದು ಸ್ಟೇಷನ್ನಿನಲ್ಲಿ ಇವಳಿಗಾಗಿ ಕಾಯುತ್ತಿತ್ತು.

"ವೆಂಕಟಪ್ಪ ಒಪ್ಪಿದನೇ?" ಎಂದೆ.

"ಮಕ ಆಕಡೆ ತಿರುಗ್ಸ್ಕೊಂಡು ಓಗು ಅಂದ್ರು. ಎಂಗಂದ್ರೇನು, ಅಂದ್ರಲ್ಲಾ!"

ಒಳಗೆ ಬಾ ಎಂದರೆ ಬರಲಿಲ್ಲ. ಕಾಫಿಯನ್ನೂ ನಿಂತೇ ಕುಡಿದಳು. ಗಂಟು ಕಂಕುಳಿಗೇರಿಸಿ "ಬತ್ತೀನಿ ಮೇಷ್ಟ್ರೇ" ಎಂದು ಸರಸರ ನಡೆದಳು.

ಗುರುವಾರ ಸಂಜೆ ವೆಂಕಟಪ್ಪ ಬಂದ. ಶಿಫ್ಟ್ ಮುಗಿಸಿ ನೇರ ರೈಲು ಹತ್ತಿದ್ದ. ಕೈಯಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್. ಓದುಬರಹ ಬಾರದು, ನಾನೇ ಬರೆದುಕೊಡಬೇಕು. ಬೇಗ ಕಳಿಸು ಎಂದು ಬರೆಸುತ್ತಾನೆ ಅಂದುಕೊಂಡು ಪೆನ್ ತೆಗೆದೆ.

ಅವನು ನೆಲ ನೋಡುತ್ತಾ ಹೇಳಿದ: "ರತ್ನಾ, ನಿಮ್ಮಮ್ಮನ್ನ ಬಿರ್ನೆ ಕಳಿಸ್ಬ್ಯಾಡ. ಬಾಣಂತನ ಪೂರ್ತಿ ಮುಗೀಲಿ. ನಾನು ದಿನಾ ಮ್ಯಾಕ್ಕೆ ಬತ್ತಾನೇ ಇವ್ನಿ ಅಂತ ಅವಳ್ಗೆ ಏಳು, ಸಾಕು."

ಈಗ ನೀವೇ ಹೇಳಿ, ಈ ಗಂಡ ಹೆಂಡಿರಲ್ಲಿ ಹೆಚ್ಚು ದೂರ ಹೋದವರು ಯಾರು?