ಮರಿಗೆ ಉಸಿರೂದುವ ನರಸಯ್ಯ

ಮರಳವಾಡಿಯಲ್ಲಿ ಈದ ಕುರಿಯ ಮರಿ ಉಸಿರಾಡದೆ ಬಿದ್ದರೆ ಜನ ಕೂಗುವುದು ನರಸಯ್ಯನನ್ನೇ. ಮರಿಯ ಮೂತಿಗೆ ಬಾಯಿಟ್ಟು ಊದಿದನೆಂದರೆ ಅದು ಕಿವಿ ಒದರಿ ಏಳಲೇಬೇಕು. ಅಂಥ ಗಟ್ಟಿಗ ಬಿಟ್ಟು ಬಿಟ್ಟು ಬರುವ ಜ್ವರಕ್ಕೂ ಸೊಂಟನೋವಿಗೂ ಸಿಕ್ಕಿ ಜಗುಲಿ ಹಿಡಿದ. ಕನಕಪುರದ ತಜ್ಞವೈದ್ಯೆ ನಯನ ಏನೇನು ಪರೀಕ್ಷೆ ಮಾಡಿಸಿದರೂ ರೋಗ ಕೈಗೆ ಸಿಕ್ಕಲಿಲ್ಲ.

"ರಾಮನಗರದಲ್ಲಿ ನಮ್ಮ ತಜ್ಞವೈದ್ಯರ ಸಂಘ ಸೇರುತ್ತೆ. ಕಷ್ಟದ ಕೇಸನ್ನ ಎಲ್ಲರೂ ಕೂತು ನೋಡ್ತೀವಿ. ಒಪ್ಪೋದಾದ್ರೆ ಬನ್ನಿ," ಎಂದರು ಅವರು.

ನರಸಯ್ಯ ಇಸ್ತ್ರಿ ಅಂಗಿ ತೊಟ್ಟು, ಹೆಂಡತಿ ಬೀರಮ್ಮನ ಹೆಗಲು ಹಿಡಿದು ಹೋದ. ಸಭೆಯ ತುಂಬ ಡಾಕ್ಟರುಗಳು.

"ಹೆಣ್ ನೋಡಕ್ ಬಂದಂಗವ್ರೆ ಕಣಮ್ಮಿ," ಎಂದು ಪಿಸುಗುಟ್ಟಿದ.

"ಒಪ್ಕೊಂಡ್ರೆ ಇಲ್ಲೇ ಬುಟ್ಬುಟ್ ಓಯ್ತೀನಿ!" ಎಂದಳು ಬೀರಮ್ಮ.

ಸಂಘದ ಹಿರಿಯರಾದ ದಿಲ್ಶಾದ್ ಡಾಕ್ಟರಮ್ಮ ಕೇಳಿದರು: "ಏನ್ ಕೆಲಸ ಮಾಡ್ತೀರಪ್ಪ?"

"ಹಾರೋಹಳ್ಳಿ ಫ್ಯಾಕ್ಟ್ರೀಲಿ ವಾಚ್‌ಮನ್ನು."

ನಯನರಿಗೂ ಅವನು ಹೇಳಿದ್ದು ಅಷ್ಟೇ. ಸುಳ್ಳೇನಲ್ಲ. ಆದರೆ ಕುರಿಯ ಮಾತು ತೆಗೆದರೆ ಮಾರಿಬಿಡು ಎಂದಾರೆಂಬ ದಿಗಿಲು. ಅಪ್ಪ ಕಟ್ಟಿದ ಮಂದೆ ಅದು.

"ಮನೇಲಿ ದನ, ಕುರಿ?"

ನರಸಯ್ಯ ಕತ್ತು ಬಗ್ಗಿಸಿದ. ಬೀರಮ್ಮ ಸುಮ್ಮನಿರಲಿಲ್ಲ. "ಯೋಳು, ಯಾಕ್ ಮುಚ್ಚಿಕ್ತೀಯ? ಕಟ್ಕೊಂಡೋಳ್ಗೆ ಒಂದಿನ ಮುತ್ತಿಕ್ಕಿಲ್ಲ ಕಣವ್ವ, ಉಟ್ಟಿದ್ ಮರಿ ಮೂತಿಗೆಲ್ಲ ಬಾಯಿಕ್ತಾನೆ!"

ಸಭೆ ಘೊಳ್ಳೆಂದು ನಕ್ಕಿತು. ದಿಲ್ಶಾದ್ ನಗಲಿಲ್ಲ. "ನಯನ, ಇದು ಕುರಿಯಿಂದ ಅಂಟೋ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡ್ಸು."

ನಯನ ನಾಲಿಗೆ ಕಚ್ಚಿಕೊಂಡರು. "ವಾಚ್‌ಮನ್ ಅಂದಿದ್ದಕ್ಕೆ ನಾನು ಮುಂದಕ್ಕೆ ಕೇಳಲೇ ಇಲ್ಲ ಮೇಡಂ."

"ಒಬ್ಬಳೇ ಕೂತು ತಲೆ ಕೆಡಿಸ್ಕೋಬೇಡ ಅಂತ್ಲೇ ನಾವಿರೋದು," ಎಂದು ದಿಲ್ಶಾದ್ ಆಕೆಯ ಬೆನ್ನು ತಟ್ಟಿದರು.

ನರಸಯ್ಯ ಕೈ ಮುಗಿದ. "ಮಂದೆ ಮಾರ್ಬೇಕಾ ತಾಯಿ?"

"ಪಶುವೈದ್ಯರಿಗೆ ತೋರ್ಸಿ. ರೋಗ ಇರೋದನ್ನಷ್ಟೇ ಬೇರೆ ಮಾಡ್ತಾರೆ. ನೀವು ಬಾಯಿ ಮಾತ್ರ ಇಡ್ಬೇಡಿ. ಗ್ಲೌಸ್, ಮಾಸ್ಕ್ ಹಾಕ್ಕೊಂಡು ಮರಿ ಮೂಗಿಗೆ ಹುಲ್ಲುಕಡ್ಡಿ ಆಡಿಸಿ."

ಪರೀಕ್ಷೆಯಲ್ಲಿ ದಿಲ್ಶಾದ್ ಮಾತೇ ನಿಜವಾಯಿತು. ತಿಂಗಳುಗಟ್ಟಲೆ ಮಾತ್ರೆ, ಸೂಜಿ. ಮಂದೆಯಲ್ಲಿ ರೋಗ ಕಂಡ ಎರಡು ಕುರಿ ಹೋದವು, ಮಿಕ್ಕವು ಉಳಿದವು. ಸಂಕ್ರಾಂತಿ ಕಳೆದ ಮೇಲೆ ಒಂದು ಕುರಿ ಈಯಿತು. ಮರಿ ಮಿಸುಕಲಿಲ್ಲ. ನರಸಯ್ಯ ಗ್ಲೌಸ್, ಮಾಸ್ಕ್ ತೊಟ್ಟು ಹುಲ್ಲುಕಡ್ಡಿ ಆಡಿಸಿದ. ಮರಿ ಸೀನಿ, ತಲೆ ಕೊಡವಿ, ನಾಲ್ಕು ಕಾಲ ಮೇಲೆ ನಿಂತಿತು. ನರಸಯ್ಯನೂ ಯಾರ ಹೆಗಲೂ ಹಿಡಿಯದೆ ಎದ್ದ. ಕೈ ತೊಳೆದವನೇ ನಯನರಿಗೆ ಫೋನ್ ಮಾಡಿದ.

"ಡಾಕ್ಟ್ರಮ್ಮ, ಸೀನ್ಬುಡ್ತು ಕಣವ್ವ! ನಿಮ್ ಸಂಘದೋರ್ಗೆಲ್ಲ ಯೋಳ್ಬುಡಿ!"