ಅಟ್ಟದ ಮೇಲಿನ ಚಾಲ್ತಿ ಆಸ್ತಿ

ವಿಜಯವಾಡದ ಒನ್ ಟೌನಿನಲ್ಲಿ ನನ್ನ ಮಾವನವರದು ಸೀರೆಯ ಹೋಲ್‌ಸೇಲ್ ಅಂಗಡಿ. ಬಳ್ಳಾರಿಯಿಂದ ಬಂದು ಮೂರು ತಲೆಮಾರಾಗಿದೆ. ಮನೆಯಲ್ಲಿ ಕನ್ನಡ ಇನ್ನೂ ಉಳಿದಿದೆ, ಜಂಬವಂತೂ ಬೆಳೆದೇ ಇದೆ. ಹುಬ್ಬಳ್ಳಿಯಿಂದ ಸೊಸೆಯಾಗಿ ಬಂದ ನಾನು ಬಿ.ಕಾಂ. ಓದಿದ್ದ ತಪ್ಪಿಗೆ ಲೆಕ್ಕದ ಪುಸ್ತಕ ನನ್ನ ಕುತ್ತಿಗೆಗೆ ಬಿತ್ತು.

ಅಂಗಡಿಯ ಅಟ್ಟದ ಮೇಲೆ ಮಂಗಳಗಿರಿ ಸೀರೆಗಳ ನಲವತ್ತು ಗಂಟುಗಳಿವೆ, ಯಾವ ಕಾಲದವೋ. ಪ್ರತಿ ಮಾರ್ಚಿನಲ್ಲಿ ಅವನ್ನು ಕೆಳಗಿಳಿಸಿ, ಧೂಳು ಕೊಡವಿ, ಹೊಸ ಬೆಲೆಯ ಚೀಟಿ ಅಂಟಿಸಿ ಮತ್ತೆ ಮೇಲಕ್ಕೇರಿಸುವುದು ಈ ಮನೆತನದ ವ್ರತ. ಆ ಬೆಲೆಯನ್ನೆಲ್ಲ ಕೂಡಿಸಿ ನಾನು ‘ಚಾಲ್ತಿ ಆಸ್ತಿ’ ಎಂದು ಬರೆಯಬೇಕು. ಚಾಲ್ತಿಯಂತೆ! ಅವು ಚಲಿಸುವುದೇ ಅಟ್ಟದ ಏಣಿಯ ಮೇಲೆ.

ಈ ವರ್ಷ ಆ ಅಂಕಿಯನ್ನೇ ನಂಬಿ ಮೈದುನ ವಿಶಾಖಪಟ್ಟಣದಲ್ಲಿ ಇನ್ನೊಂದು ಅಂಗಡಿ ತೆರೆಯಲು ಹೊರಟ. ಸಾಲಕ್ಕೆ ಅಡ ಇಡಬೇಕಾದದ್ದು ಮಾತ್ರ ನನ್ನ ಫ್ಲ್ಯಾಟು, ಮದುವೆಗೆ ಮುಂಚೆ ನಾನು ದುಡಿದು ಕೊಂಡದ್ದು.

“ಮಾಮಯ್ಯಗಾರು, ವರ್ಷದೊಳಗ ಮಾರಿ ರೊಕ್ಕ ಆಗೋದಿದ್ರ ಅದು ಚಾಲ್ತಿ ಆಸ್ತಿ. ಈ ಗಂಟು ಯಾವಾಗ ಮಾರ್ತೀರಿ?” ಎಂದು ಮಾವನವರನ್ನು ಕೇಳಿದೆ.

“ಏಮಮ್ಮಾ, ಸೀರೆ ಏನು ಟೊಮೇಟೊನಾ ಕೊಳೆಯೋಕೆ? ಸುಮ್ಮನೆ ಸೈನ್ ಹಾಕು” ಎಂದರು. ಗಂಡನೆಂಬ ಮಹಾಶಯರು ಫೋನಿನಿಂದ ತಲೆಯೆತ್ತಲಿಲ್ಲ.

ಸೈನ್ ಹಾಕುವ ಮುಂಚಿನ ವಾರ ನಾದಿನಿಯ ನಿಶ್ಚಿತಾರ್ಥ ಬಂತು. ಬೀಗರ ಕಡೆಯ ಹೆಂಗಸರಿಗೆ ಕೊಡಲು ಇಪ್ಪತ್ತು ಸೀರೆ ಬೇಕು. ಮಾವನವರು ಏಣಿಯ ಕಡೆ ತಿರುಗಿಯೂ ನೋಡದೆ ಎದುರಿನ ಅಂಗಡಿಗೆ ಹೋಗಿ, ದುಡ್ಡು ಕೊಟ್ಟು ತಂದರು.

“ಅಟ್ಟದ ಮ್ಯಾಲೆ ಅಷ್ಟು ಇದ್ದುವಲ್ರೀ?”

“ಛೀ, ಅದನ್ನ ಬೀಗರಿಗೆ ಕೊಡೋಕಾಗುತ್ತಾ? ಮಡಿಕೆಯಲ್ಲೆಲ್ಲ ನೂಲು ಸತ್ತು ಲಡ್ಡಾಗಿವೆ, ಉಟ್ಟರೆ ಹರಿಯುತ್ತೆ. ನಮ್ಮ ಮರ್ಯಾದೆ ಏನಾಗಬೇಕು?”

ನನ್ನ ನಿಶ್ಚಿತಾರ್ಥದಲ್ಲಿ ಇವರು ಅವ್ವನಿಗೆ ಕೊಟ್ಟಿದ್ದ ಮಂಗಳಗಿರಿ ಸೀರೆ, ಮೊದಲ ಸಲ ಉಟ್ಟಾಗಲೇ ನಾಲ್ಕು ಜನರ ಮುಂದೆ ಮಡಿಕೆಯುದ್ದಕ್ಕೂ ಸೀಳಿತ್ತು. ಅವಳೂ ಬೀಗಿತ್ತಿಯೇ ಅಲ್ಲವೇ? ತಾನು ದಪ್ಪಗಾಗಿದ್ದಕ್ಕೇ ಹರಿಯಿತೆಂದು ಅವ್ವ ಅಂದಿನಿಂದ ರಾತ್ರಿಯೂಟ ಬಿಟ್ಟಿದ್ದಾಳೆ.

ಮರುದಿನ ಎದುರಂಗಡಿಯ ಬಿಲ್ಲನ್ನು ಸ್ಟಾಕ್ ಪುಸ್ತಕಕ್ಕೆ ಪಿನ್ ಮಾಡಿ, ನಲವತ್ತು ಗಂಟುಗಳ ಮುಂದೆ ಸೊನ್ನೆ ಬರೆದೆ. ಬ್ಯಾಂಕಿನ ಕಾಗದಕ್ಕೆ ಸೈನ್ ಹಾಕಲಿಲ್ಲ. ಯಾರ ಮುಖ ಹೇಗಾಯಿತೆಂದು ನೋಡಲೂ ನಿಲ್ಲದೆ ಹುಬ್ಬಳ್ಳಿಗೆ ಫೋನ್ ಮಾಡಿದೆ.

“ಅವ್ವಾ, ನೀ ದಪ್ಪ ಆಗಿದ್ದಕ್ಕ ಹರಿದಿಲ್ಲ. ಆ ಸೀರೀನೇ ಲಡ್ಡಾಗಿತ್ತು. ಇವತ್ತು ರಾತ್ರಿ ಊಟ ಮಾಡು.”